ಸೂಜಿ ಚುಚ್ಚಿದರೆ ನೋವು ಇಳಿಯುವುದು ಹೇಗೆ? ಅಕ್ಯುಪಂಕ್ಚರ್ ಮಾಡಿಸುವ ಮೊದಲು ತಿಳಿಯಬೇಕಾದದ್ದು

ವರ್ಷಗಟ್ಟಲೆ ಸೊಂಟನೋವು, ಮಂಡಿನೋವು, ಅರೆತಲೆನೋವು ಅನುಭವಿಸುತ್ತಿರುವವರಿಗೆ ‘ಒಂದ್ಸಲ ಅಕ್ಯುಪಂಕ್ಚರ್ ಮಾಡಿಸಿ ನೋಡಿ’ ಎಂಬ ಸಲಹೆ ಯಾರಾದರೊಬ್ಬರಿಂದ ಬಂದೇ ಬರುತ್ತದೆ. ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ ಎಂದು ವೈದ್ಯರೇ ಎಚ್ಚರಿಸುತ್ತಾರೆ. ಆಪರೇಷನ್ ಎಂದರೆ ಮನೆಯವರೆಲ್ಲ ಹಿಂಜರಿಯುತ್ತಾರೆ. ಇವೆರಡರ ನಡುವೆ ಸೂಜಿ ಚಿಕಿತ್ಸೆ ಒಂದು ದಾರಿಯಾಗಿ ಕಾಣುತ್ತದೆ. 2019ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ ಕೂಡ.

ಹೋಗಬೇಕೋ ಬೇಡವೋ ಎಂದು ಯೋಚಿಸುವವರ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ಸರಳ. ನೋವಾಗುತ್ತದೆಯೇ? ಕೈಗೆ ಚುಚ್ಚಿದರೆ ತಲೆನೋವು ಹೇಗೆ ಹೋಗುತ್ತದೆ? ಇದು ನಿಜವಾಗಿ ಕೆಲಸ ಮಾಡುತ್ತದೆಯೋ, ಬರೀ ನಂಬಿಕೆಯೋ? ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಇದರ ಮೇಲೆ ನಡೆದಷ್ಟು ಪರೀಕ್ಷೆ ಬೇರೆ ಯಾವ ಪರ್ಯಾಯ ಚಿಕಿತ್ಸೆಯ ಮೇಲೂ ನಡೆದಿರುವುದು ಅಪರೂಪ. ಹಾಗಾಗಿ ಉತ್ತರವನ್ನು ಬಿಡಿಸಿ ಹೇಳಲು ಸಾಧ್ಯವಿದೆ.

ಏನಿದು, ಏನಲ್ಲ

ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ಸ್ಟೀಲ್ ಸೂಜಿಗಳನ್ನು ದೇಹದ ಗೊತ್ತಾದ ಜಾಗಗಳಲ್ಲಿ ಚರ್ಮದೊಳಕ್ಕೆ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ತೆಗೆಯುವುದು ಅಕ್ಯುಪಂಕ್ಚರ್. ಸೂಜಿಯ ಮೂಲಕ ಒಳಗೆ ಯಾವ ಔಷಧಿಯೂ ಹೋಗುವುದಿಲ್ಲ. ಸೂಜಿ ಟೊಳ್ಳಲ್ಲ, ಗಟ್ಟಿ ತಂತಿ. ಸಾಮಾನ್ಯವಾಗಿ ಬಳಸುವ ಸೂಜಿಯ ದಪ್ಪ 0.16ರಿಂದ 0.30 ಮಿ.ಮೀ. ಇಂಜೆಕ್ಷನ್ ಸೂಜಿ ಇದಕ್ಕಿಂತ ಬಹಳ ದಪ್ಪ, ಅದರ ತುದಿ ಓರೆಯಾಗಿ ಕತ್ತರಿಸಿದ್ದು, ಅದು ಚರ್ಮವನ್ನು ಕೊಯ್ದುಕೊಂಡು ಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿಯ ತುದಿ ದುಂಡಗೆ ಚೂಪಾಗಿದ್ದು ಅಂಗಾಂಶವನ್ನು ಪಕ್ಕಕ್ಕೆ ಸರಿಸಿಕೊಂಡು ಒಳಗಿಳಿಯುತ್ತದೆ. ಎರಡೂ ಸೂಜಿಯೇ ಆದರೂ ಅನುಭವ ಬೇರೆ ಇರಲು ಇದೇ ಕಾರಣ.

ಇದರ ಜೊತೆಗೆ ಕೇಳಿಬರುವ ಇನ್ನಷ್ಟು ಹೆಸರುಗಳಿವೆ. ಅಕ್ಯುಪ್ರೆಶರ್‌ನಲ್ಲಿ ಸೂಜಿ ಇಲ್ಲ, ಅವೇ ಬಿಂದುಗಳನ್ನು ಬೆರಳಿನಿಂದ ಒತ್ತುತ್ತಾರೆ. ಎಲೆಕ್ಟ್ರೋ ಅಕ್ಯುಪಂಕ್ಚರ್‌ನಲ್ಲಿ ಚುಚ್ಚಿದ ಸೂಜಿಗಳಿಗೆ ಸಣ್ಣ ಕ್ಲಿಪ್ ಹಾಕಿ ತೀರಾ ಕಡಿಮೆ ವಿದ್ಯುತ್ ಹಾಯಿಸುತ್ತಾರೆ. ಮಾಕ್ಸಿಬಶನ್ ಎಂದರೆ ಒಣಗಿಸಿದ ಮಗ್‌ವರ್ಟ್ ಎಂಬ ಗಿಡದ ಎಲೆಯನ್ನು ಹೊಗೆಯಾಡಿಸಿ ಬಿಂದುವಿಗೆ ಶಾಖ ಕೊಡುವುದು. ಫಿಸಿಯೋಥೆರಪಿ ಕೇಂದ್ರಗಳಲ್ಲಿ ‘ಡ್ರೈ ನೀಡ್ಲಿಂಗ್’ ಎನ್ನುವುದರಲ್ಲಿ ಸೂಜಿ ಅದೇ, ತತ್ವ ಬೇರೆ: ಬಿಗಿದುಕೊಂಡಿರುವ ಸ್ನಾಯುವಿನ ಗಂಟನ್ನು ಹುಡುಕಿ ನೇರ ಅಲ್ಲಿಗೇ ಚುಚ್ಚುತ್ತಾರೆ, ಚೀನೀ ಪರಂಪರೆ ಗುರುತಿಸಿದ ಬಿಂದುಗಳ ನಕ್ಷೆಯ ಗೊಡವೆ ಅಲ್ಲಿಲ್ಲ.

ಚೀನಾದಿಂದ ಕೋಲ್ಕತ್ತಾಗೆ

ಸೂಜಿಯಿಂದ ಚಿಕಿತ್ಸೆ ಮಾಡುವ ಕ್ರಮ ಎರಡು ಸಾವಿರ ವರ್ಷಗಳ ಹಿಂದಿನ ಚೀನೀ ವೈದ್ಯ ಗ್ರಂಥಗಳಲ್ಲೇ ಇದೆ. ಅಂದಿನಿಂದ ಇಂದಿನವರೆಗೆ ಅದು ಒಂದೇ ಸಮನೆ ಗೌರವ ಪಡೆದುಕೊಂಡು ಬಂದಿತು ಎಂದುಕೊಂಡರೆ ತಪ್ಪಾಗುತ್ತದೆ. 1822ರಲ್ಲಿ ಚೀನಾದ ಚಕ್ರವರ್ತಿ ದಾವೊಗುವಾಂಗ್ ಅರಮನೆಯ ವೈದ್ಯ ಸಂಸ್ಥೆಯಿಂದಲೇ ಅದನ್ನು ಹೊರಹಾಕಿದ. 1950ರ ದಶಕದಲ್ಲಿ, ದೇಶದ ತುಂಬ ಜನರಿದ್ದು ಆಧುನಿಕ ವೈದ್ಯರು ಬೆರಳೆಣಿಕೆಯಷ್ಟಿದ್ದಾಗ, ಮಾವೊ ಸರ್ಕಾರ ಅದನ್ನು ಮತ್ತೆ ಎತ್ತಿಹಿಡಿದು ಆಸ್ಪತ್ರೆಗಳೊಳಗೆ ತಂದಿತು. ಇಂದು ನಾವು ಕಾಣುವ ಅಕ್ಯುಪಂಕ್ಚರ್ ಬಹುಮಟ್ಟಿಗೆ ಆ ಕಾಲದಲ್ಲಿ ಒಪ್ಪಗೊಳಿಸಿದ ರೂಪ.

ಭಾರತಕ್ಕೆ ಇದು ಬಂದ ಕತೆ ನಮ್ಮ ಗಡಿಯ ಪಕ್ಕದಿಂದಲೇ ಹಾದುಹೋಗುತ್ತದೆ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನೆರವಾಗಲು 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರಲ್ಲೊಬ್ಬರು, ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತರು, 1959ರಲ್ಲಿ ಕೋಲ್ಕತ್ತಾದಲ್ಲಿ ಅದನ್ನು ಆರಂಭಿಸಿದರು. ಪಶ್ಚಿಮ ಬಂಗಾಳ ಇದಕ್ಕಾಗಿ 1996ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಮಾಡಲು ಆ ಪರಂಪರೆಯೇ ಹಿನ್ನೆಲೆ.

ಪಶ್ಚಿಮ ದೇಶಗಳಿಗೆ ಇದು ದೊಡ್ಡ ಸುದ್ದಿಯಾದದ್ದು 1971ರಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ನ ಹಿರಿಯ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಸೈಟಿಸ್ ಆಗಿ ಆಪರೇಷನ್ ಮಾಡಬೇಕಾಯಿತು. ‘ಅರಿವಳಿಕೆ ಇಲ್ಲದೆ ಬರೀ ಸೂಜಿ ಚುಚ್ಚಿ ಆಪರೇಷನ್ ಮಾಡಿದರು’ ಎಂದು ಈ ಪ್ರಸಂಗವನ್ನು ಇಂದಿಗೂ ಹೇಳುವವರಿದ್ದಾರೆ. ನಡೆದದ್ದು ಹಾಗಲ್ಲ. ಆಪರೇಷನ್ ನಡೆದದ್ದು ಎಂದಿನ ಅರಿವಳಿಕೆ ಔಷಧಿ ಕೊಟ್ಟೇ. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈಗೆ, ಮಂಡಿಯ ಕೆಳಗೆ ಸೂಜಿ ಹಾಕಿ, ಹೊಟ್ಟೆಯ ಬಳಿ ಮೂಲಿಕೆಯ ಶಾಖ ಕೊಟ್ಟರು, ಆರಾಮವಾಯಿತು. ರೆಸ್ಟನ್ ಬರೆದದ್ದೂ ಇಷ್ಟನ್ನೇ. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಅಕ್ಯುಪಂಕ್ಚರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಇದರಲ್ಲೇ ಇದೆ.

ಹಳೆಯ ವಿವರಣೆ: ಚೀ ಮತ್ತು ಅದರ ದಾರಿಗಳು

ಚೀನೀ ಪರಂಪರೆಯ ಪ್ರಕಾರ ದೇಹದಲ್ಲಿ ‘ಚೀ’ ಎಂಬ ಜೀವಶಕ್ತಿ ಹರಿಯುತ್ತಿರುತ್ತದೆ. ಅದು ಹರಿಯುವ ದಾರಿಗಳಿಗೆ ಮೆರಿಡಿಯನ್ ಎನ್ನುತ್ತಾರೆ. ಮುಖ್ಯ ದಾರಿಗಳು ಹದಿನಾಲ್ಕು: ದೇಹದ ಎರಡೂ ಬದಿಯಲ್ಲಿರುವ ಹನ್ನೆರಡು ಜೋಡಿ, ಮುಂದೆ ಮತ್ತು ಹಿಂದೆ ನಡುಗೆರೆಯಲ್ಲಿ ಒಂದೊಂದು. ಇವುಗಳ ಮೇಲೆ 361 ಬಿಂದುಗಳನ್ನು ಗುರುತಿಸಲಾಗಿದೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಪಟ್ಟಿಯಲ್ಲಿರುವ ಸಂಖ್ಯೆಯೂ ಇದೇ. ಚೀ ಎಲ್ಲಾದರೂ ಕಟ್ಟಿಕೊಂಡರೆ ಅಥವಾ ಕುಗ್ಗಿದರೆ ರೋಗ, ಸೂಜಿ ಚುಚ್ಚಿ ಹರಿವನ್ನು ಸರಿಪಡಿಸಿದರೆ ಗುಣ ಎಂಬುದು ಸಿದ್ಧಾಂತ.

ಕೆಲವು ಬಿಂದುಗಳ ಹೆಸರನ್ನು ಚಿಕಿತ್ಸೆಗೆ ಹೋದವರು ಮತ್ತೆ ಮತ್ತೆ ಕೇಳುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಲ ಭಾಗದಲ್ಲಿರುವ ‘ಹೆಗು’ ತಲೆನೋವು, ಹಲ್ಲುನೋವಿಗೆ. ಒಳಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲಿರುವ ‘ನೈಗುವಾನ್’ ವಾಕರಿಕೆಗೆ. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೊಣಕಾಲ ಎಲುಬಿನ ಹೊರಬದಿಯಲ್ಲಿರುವ ‘ಝುಸಾನ್‌ಲಿ’ ಹೊಟ್ಟೆಯ ತೊಂದರೆ, ಸುಸ್ತು ಇತ್ಯಾದಿಗೆ.

ದೇಹವನ್ನು ಕೊಯ್ದು ನೋಡಿದರೆ ರಕ್ತನಾಳದಂತೆ, ನರದಂತೆ ಬೇರೆಯಾಗಿ ತೋರಿಸಬಹುದಾದ ಮೆರಿಡಿಯನ್ ಎಂಬುದು ಸಿಗುವುದಿಲ್ಲ. ಚೀಯನ್ನು ಅಳೆಯುವ ಉಪಕರಣವೂ ಇಲ್ಲ. ಹಾಗೆಂದು ಸೂಜಿಯಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಲಾಗದು. ಹಳೆಯ ವಿವರಣೆಯನ್ನು ಬದಿಗಿಟ್ಟು, ಸೂಜಿ ಚುಚ್ಚಿದ ಮೇಲೆ ದೇಹದಲ್ಲಿ ಏನೇನು ಬದಲಾಗುತ್ತದೆ ಎಂದು ಅಳೆದು ನೋಡುವ ಕೆಲಸ ಬೇರೆಯೇ ಇದೆ.

ಸೂಜಿ ಒಳಗಿಳಿದಾಗ ಏನಾಗುತ್ತದೆ

ಮೊದಲು ಚುಚ್ಚಿದ ಜಾಗವನ್ನೇ ನೋಡೋಣ. ಚರ್ಮದ ಕೆಳಗೆ ಕೊಬ್ಬು, ಸ್ನಾಯುಗಳನ್ನು ಹಿಡಿದಿಟ್ಟಿರುವ ಎಳೆ ಎಳೆಯಾದ ಅಂಗಾಂಶವಿದೆ. ಸೂಜಿಯನ್ನು ಬೆರಳುಗಳ ನಡುವೆ ಹಿಡಿದು ತಿರುಗಿಸಿದಾಗ ಈ ಎಳೆಗಳು ತಕಲಿಗೆ ನೂಲು ಸುತ್ತಿಕೊಂಡಂತೆ ಸೂಜಿಗೆ ಸುತ್ತಿಕೊಳ್ಳುತ್ತವೆ. ಅಮೆರಿಕದ ವೈದ್ಯ ವಿಜ್ಞಾನಿ ಹೆಲೆನ್ ಲಾಂಜೆವಿನ್ ಇದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಾರೆ. ಸೂಜಿಯನ್ನು ಒಳಗಿನಿಂದ ಯಾರೋ ಹಿಡಿದೆಳೆದ ಹಾಗೆ ಚಿಕಿತ್ಸಕರ ಕೈಗೆ ಅನಿಸುವುದು ಇದರಿಂದಲೇ. ಎಳೆಗಳು ಬಿಗಿದಾಗ ಅಲ್ಲಿರುವ ಕೋಶಗಳೂ ನರದ ತುದಿಗಳೂ ಪ್ರಚೋದನೆಗೊಳ್ಳುತ್ತವೆ. ರೋಗಿಗೆ ಆಗ ಆಳದಲ್ಲಿ ಭಾರ, ಜೋಮು, ಮಂದವಾದ ಸೆಳೆತ ಗೊತ್ತಾಗುತ್ತದೆ. ಚೀನೀ ಭಾಷೆಯಲ್ಲಿ ಇದಕ್ಕೆ ‘ದೆ ಚೀ’ ಎಂದು ಹೆಸರು. ಈ ಅನುಭವ ಬಂದರೆ ಸೂಜಿ ಸರಿಯಾದ ಜಾಗದಲ್ಲಿದೆ ಎಂದು ಹಲವು ಚಿಕಿತ್ಸಕರು ಲೆಕ್ಕಹಾಕುತ್ತಾರೆ.

ಅದೇ ಜಾಗದಲ್ಲಿ ರಾಸಾಯನಿಕ ಬದಲಾವಣೆಯೂ ಆಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಮಂಡಿಯ ಬಳಿ ಸೂಜಿ ಚುಚ್ಚಿ ತಿರುಗಿಸಿದಾಗ ಸುತ್ತಲಿನ ಅಂಗಾಂಶದಲ್ಲಿ ಅಡೆನೊಸಿನ್ ಎಂಬ ವಸ್ತುವಿನ ಪ್ರಮಾಣ ಏರಿತು. ಅಡೆನೊಸಿನ್ ನೋವಿನ ನರಗಳನ್ನು ತಣ್ಣಗಾಗಿಸುತ್ತದೆ. ಅಡೆನೊಸಿನ್ ಕೂರುವ ಗ್ರಾಹಕ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಅದೇ ಸೂಜಿಯಿಂದ ನೋವು ಕಡಿಮೆಯಾಗಲಿಲ್ಲ. ಇಲಿಗೆ ಸೂಜಿಯ ಮೇಲೆ ನಂಬಿಕೆ ಇರುವುದಿಲ್ಲವಾದ್ದರಿಂದ ಇಂಥ ಪ್ರಯೋಗಗಳಿಗೆ ತೂಕವಿದೆ. ಆದರೆ ಇಲಿಯ ಕಾಲಿನಲ್ಲಿ ಕಂಡದ್ದೆಲ್ಲ ಮನುಷ್ಯನ ಸೊಂಟಕ್ಕೂ ಹಾಗೇ ಅನ್ವಯಿಸುತ್ತದೆ ಎನ್ನಲಾಗದು ಎಂಬುದನ್ನೂ ನೆನಪಿಡಬೇಕು.

ಮುಂದಿನ ಹಂತ ಬೆನ್ನುಹುರಿ. ಮೊಣಕೈ ಬಾಗಿಲಿಗೆ ತಾಗಿದಾಗ ನಾವು ಯೋಚಿಸದೆಯೇ ಆ ಜಾಗವನ್ನು ಉಜ್ಜಿಕೊಳ್ಳುತ್ತೇವೆ, ನೋವು ಸ್ವಲ್ಪ ಇಳಿಯುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಸ್ಪರ್ಶ, ಒತ್ತಡಗಳ ಸುದ್ದಿ ತರುವ ದಪ್ಪ ನರಗಳು ಕೆಲಸ ಶುರುಮಾಡಿದರೆ, ನೋವಿನ ಸುದ್ದಿ ತರುವ ತೆಳು ನರಗಳ ಸಂಕೇತ ಬೆನ್ನುಹುರಿಯಲ್ಲೇ ತಡೆಯಲ್ಪಟ್ಟು ಮಿದುಳಿಗೆ ತಲುಪುವುದು ಕಡಿಮೆಯಾಗುತ್ತದೆ. ಸೂಜಿಯೂ ಭಾಗಶಃ ಹೀಗೆಯೇ ಕೆಲಸ ಮಾಡುತ್ತದೆ ಎಂಬುದು ಒಂದು ವಿವರಣೆ.

ಮೂರನೆಯದು ಮಿದುಳು. ಮಾರ್ಫಿನ್‌ನಂತೆಯೇ ನೋವನ್ನು ತಗ್ಗಿಸುವ ಎಂಡಾರ್ಫಿನ್ ಎಂಬ ವಸ್ತುಗಳನ್ನು ನಮ್ಮ ಮಿದುಳು ತಾನೇ ತಯಾರಿಸುತ್ತದೆ. 1970ರ ದಶಕದಲ್ಲಿ ಸಂಶೋಧಕರು ಒಂದು ಜಾಣ ಪರೀಕ್ಷೆ ಮಾಡಿದರು. ಮಾರ್ಫಿನ್ ಜಾತಿಯ ವಸ್ತುಗಳ ಕೆಲಸವನ್ನು ತಡೆಯುವ ನಾಲೊಕ್ಸೋನ್ ಎಂಬ ಔಷಧಿ ಇದೆ. ಸೂಜಿಯಿಂದ ನೋವು ತಗ್ಗಿದವರಿಗೆ ಅದನ್ನು ಕೊಟ್ಟಾಗ ಸೂಜಿಯ ಪರಿಣಾಮ ಅಳಿಸಿಹೋಯಿತು. ಅಂದರೆ ನೋವನ್ನು ಇಳಿಸಿದ್ದರಲ್ಲಿ ದೇಹದ್ದೇ ಎಂಡಾರ್ಫಿನ್‌ಗಳ ಪಾತ್ರವಿತ್ತು. ಬೀಜಿಂಗ್‌ನ ಹಾನ್ ಜಿಶೆಂಗ್ ಈ ದಾರಿಯಲ್ಲಿ ಬಹಳ ದೂರ ಹೋದರು. ಸೂಜಿಗೆ ಹಾಯಿಸುವ ವಿದ್ಯುತ್ತಿನ ಬಡಿತ ಸೆಕೆಂಡಿಗೆ 2 ಸಲ ಇದ್ದರೆ ಒಂದು ಬಗೆಯ ನೋವುನಿವಾರಕ ವಸ್ತು, 100 ಸಲ ಇದ್ದರೆ ಇನ್ನೊಂದು ಬಗೆಯದು ಹೊರಬರುತ್ತದೆ ಎಂದು ಅವರು ಕಂಡುಕೊಂಡರು. ಎಲೆಕ್ಟ್ರೋ ಅಕ್ಯುಪಂಕ್ಚರ್ ಯಂತ್ರದ ಗುಂಡಿಯನ್ನು ಚಿಕಿತ್ಸಕರು ಅತ್ತಿತ್ತ ತಿರುಗಿಸುವುದಕ್ಕೆ ಹಿನ್ನೆಲೆ ಇದು.

ಹಾಗಾದರೆ ಎಲ್ಲಿ ಚುಚ್ಚಿದರೂ ಆದೀತೇ? 2021ರಲ್ಲಿ ಹಾರ್ವರ್ಡ್‌ನಲ್ಲಿದ್ದ ನರವಿಜ್ಞಾನಿ ಚಿಯುಫು ಮಾ ತಂಡದ ಅಧ್ಯಯನ ಇದಕ್ಕೆ ಕುತೂಹಲದ ಉತ್ತರ ಕೊಟ್ಟಿತು. ಇಲಿಗಳ ಹಿಂಗಾಲಿನಲ್ಲಿ, ನಮ್ಮ ಝುಸಾನ್‌ಲಿ ಬಿಂದುವಿಗೆ ಸಮನಾದ ಜಾಗದಲ್ಲಿ, ಹಗುರವಾದ ವಿದ್ಯುತ್ ಕೊಟ್ಟಾಗ ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಎಚ್ಚೆತ್ತು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಮೂಲಕ ಉರಿಯೂತ ತಗ್ಗಿತು. ಹೊಟ್ಟೆಯ ಮೇಲಿನ ಬಿಂದುವಿನಲ್ಲಿ ಅಷ್ಟೇ ಹಗುರವಾಗಿ ಕೊಟ್ಟರೆ ಹಾಗಾಗಲಿಲ್ಲ. ಕಾಲಿನ ಆಳದ ಪೊರೆಯಲ್ಲಿರುವ ಒಂದು ನಿರ್ದಿಷ್ಟ ಜಾತಿಯ ನರಕೋಶ ಹೊಟ್ಟೆಯ ಆ ಭಾಗದಲ್ಲಿ ಇರದಿದ್ದುದೇ ಕಾರಣ. ಕಾಲಿಗೆ ಚುಚ್ಚಿದ್ದು ದೂರದ ಅಂಗಕ್ಕೆ ತಲುಪುವುದು ಹೇಗೆ ಎಂಬುದಕ್ಕೆ ನರಗಳ ಮಟ್ಟದಲ್ಲೇ ದಾರಿ ಸಿಕ್ಕಿದೆ. ಆದರೆ 361 ಬಿಂದುಗಳಿಗೂ ಹೀಗೆ ಪುರಾವೆ ಇದೆ ಎಂದಲ್ಲ.

ಹುಸಿ ಸೂಜಿಯ ಪ್ರಶ್ನೆ

ಒಂದು ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದರ್ಧ ಜನರಿಗೆ ನೋಡಲು ಹಾಗೇ ಇರುವ ಸಕ್ಕರೆ ಮಾತ್ರೆ ಕೊಡುತ್ತಾರೆ. ಸೂಜಿಯ ವಿಷಯದಲ್ಲಿ ಇದು ಸುಲಭವಲ್ಲ. ಸಂಶೋಧಕರು ಎರಡು ಉಪಾಯ ಹೂಡಿದ್ದಾರೆ. ಒಂದು, ಬಿಂದುವಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚುವುದು. ಇನ್ನೊಂದು, ತುದಿ ಮೊಂಡಾಗಿದ್ದು ಒತ್ತಿದಾಗ ಹಿಡಿಕೆಯೊಳಕ್ಕೆ ಸರಿದುಕೊಳ್ಳುವ ಸೂಜಿ. ಚರ್ಮಕ್ಕೆ ತಾಗಿದ್ದು ಗೊತ್ತಾಗುತ್ತದೆ, ಒಳಗೆ ಹೋಗುವುದಿಲ್ಲ.

ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನ 1,162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯ ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ಆರು ತಿಂಗಳ ನಂತರ ಔಷಧಿ, ವ್ಯಾಯಾಮ, ಫಿಸಿಯೋಥೆರಪಿಯ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸ್ಪಷ್ಟ ಸುಧಾರಣೆ ಕಂಡವರು ಶೇ. 27.4. ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6. ಇಲ್ಲಿಯವರೆಗೆ ಸೂಜಿಗೆ ದೊಡ್ಡ ಗೆಲುವು. ಆದರೆ ಹುಸಿ ಸೂಜಿ ಚುಚ್ಚಿಸಿಕೊಂಡವರಲ್ಲೂ ಶೇ. 44.2 ಜನ ಸುಧಾರಿಸಿದ್ದರು.

ಇದನ್ನು ಓದುವ ಬಗೆ ಎರಡು. ಬಿಂದುಗಳೆಲ್ಲ ಕಲ್ಪನೆ, ಎಲ್ಲವೂ ನಂಬಿಕೆಯ ಫಲ ಎನ್ನುವವರು ಒಂದು ಕಡೆ. ಎಲ್ಲಿ ಚುಚ್ಚಿದರೂ ನರಗಳು ಎಚ್ಚರಗೊಳ್ಳುತ್ತವೆ, ಹಾಗಾಗಿ ಹುಸಿ ಸೂಜಿ ನಿಜಕ್ಕೂ ಸಕ್ಕರೆ ಮಾತ್ರೆಯಂತೆ ನಿಷ್ಕ್ರಿಯವಲ್ಲ ಎನ್ನುವವರು ಇನ್ನೊಂದು ಕಡೆ. ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಆಂಡ್ರ್ಯೂ ವಿಕರ್ಸ್ ತಂಡ 2012ರಲ್ಲಿ ಮಾಡಿದ ಲೆಕ್ಕ ಇವೆರಡರ ನಡುವೆ ನಿಲ್ಲುತ್ತದೆ. ನೋವನ್ನು ಸೊನ್ನೆಯಿಂದ ನೂರರವರೆಗೆ ಅಳೆದು, ಶುರುವಿನಲ್ಲಿ 60 ಇತ್ತೆಂದಿಟ್ಟುಕೊಂಡರೆ, ಸೂಜಿ ಹಾಕಿಸಿಕೊಳ್ಳದವರಲ್ಲಿ ಅದು 43ಕ್ಕೆ, ಹುಸಿ ಸೂಜಿಯವರಲ್ಲಿ 35ಕ್ಕೆ, ನಿಜವಾದ ಸೂಜಿಯವರಲ್ಲಿ 30ಕ್ಕೆ ಇಳಿಯುತ್ತದೆ. 43ರಿಂದ 30ರವರೆಗಿನ ಒಟ್ಟು ಲಾಭದಲ್ಲಿ ದೊಡ್ಡ ಪಾಲು ಯಾರೋ ಗಮನವಿಟ್ಟು ಕೇಳಿದ್ದು, ಮುಟ್ಟಿ ನೋಡಿದ್ದು, ಅರ್ಧ ಗಂಟೆ ಸುಮ್ಮನೆ ಮಲಗಿದ್ದು, ಗುಣವಾದೀತೆಂಬ ನಿರೀಕ್ಷೆ, ಚರ್ಮಕ್ಕೆ ಸೂಜಿ ತಾಗಿದ್ದು ಇವೆಲ್ಲದರಿಂದ ಬಂದದ್ದು. ಸರಿಯಾದ ಬಿಂದುವಿಗೆ ಸರಿಯಾದ ಆಳದಲ್ಲಿ ಚುಚ್ಚಿದ್ದರ ಪಾಲು ಚಿಕ್ಕದು, ಆದರೆ ಸೊನ್ನೆಯಲ್ಲ.

ನಿರೀಕ್ಷೆಯಿಂದ ನೋವು ಇಳಿದರೆ ಅದು ‘ಸುಳ್ಳು ನೋವು’ ಆಗಿತ್ತು ಎಂದು ಮನೆಯವರು ಹಂಗಿಸುವುದುಂಟು. ಅದು ಅನ್ಯಾಯ. ನಿರೀಕ್ಷೆ ಕೂಡ ಮಿದುಳಿನಲ್ಲಿ ಅದೇ ಎಂಡಾರ್ಫಿನ್‌ಗಳನ್ನು ಹೊರಡಿಸುತ್ತದೆ. ನೋವೂ ನಿಜ, ಇಳಿದದ್ದೂ ನಿಜ.

ಯಾವುದಕ್ಕೆ ಉಪಯೋಗ, ಯಾವುದಕ್ಕಲ್ಲ

ಪುರಾವೆ ಗಟ್ಟಿಯಾಗಿರುವುದು ದೀರ್ಘಕಾಲದ ನೋವಿಗೆ: ಸೊಂಟ, ಕುತ್ತಿಗೆ, ಭುಜ, ಮಂಡಿಸವೆತದ ನೋವು ಮತ್ತು ತಲೆನೋವು. ಪದೇ ಪದೇ ಬರುವ ಮೈಗ್ರೇನ್ ಬಗ್ಗೆ 2016ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 22 ಪರೀಕ್ಷೆಗಳನ್ನು ಒಟ್ಟಿಗೆ ನೋಡಿತು. ತಲೆನೋವು ಬರುವ ಸಂಖ್ಯೆ ಅರ್ಧಕ್ಕಿಳಿದದ್ದು ಮಾಮೂಲಿ ಆರೈಕೆಯವರಲ್ಲಿ ನೂರಕ್ಕೆ 17 ಜನರಿಗಾದರೆ, ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲಿ 41 ಜನರಿಗೆ. ಆಪರೇಷನ್ ನಂತರದ ವಾಕರಿಕೆ, ವಾಂತಿಗೆ ಮಣಿಕಟ್ಟಿನ ನೈಗುವಾನ್ ಬಿಂದು ನೆರವಾಗುತ್ತದೆ ಎಂಬುದಕ್ಕೂ ಸಾಕಷ್ಟು ಪರೀಕ್ಷೆಗಳ ಬೆಂಬಲವಿದೆ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2020ರಿಂದ ದೀರ್ಘಕಾಲದ ಸೊಂಟನೋವಿಗೆ ಇದರ ಖರ್ಚು ಕೊಡುತ್ತಿದೆ. ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಶಿಫಾರಸು ಮಾಡಿ 2016ರಲ್ಲಿ ಹಿಂತೆಗೆದುಕೊಂಡಿತು, 2021ರಲ್ಲಿ ಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಮತ್ತೆ ಸೂಚಿಸಿತು. ಪರಿಣತರಲ್ಲೇ ಎಷ್ಟು ಹೊಯ್ದಾಟವಿದೆ ಎಂಬುದಕ್ಕೆ ಇದು ಉದಾಹರಣೆ.

ಸ್ಲಿಪ್ ಡಿಸ್ಕ್ ಎಂದು ಸ್ಕ್ಯಾನ್‌ನಲ್ಲಿ ಬಂದವರು ಒಂದು ವಿಷಯ ತಿಳಿದಿರಬೇಕು. ಸೂಜಿ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಸವೆದ ಮಂಡಿಯ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಇಳಿಯುವುದು ನೋವು, ಸಡಿಲಗೊಳ್ಳುವುದು ಸ್ನಾಯು. ನಡೆದಾಡಲು, ವ್ಯಾಯಾಮ ಶುರುಮಾಡಲು ಅಷ್ಟು ಅವಕಾಶ ಸಿಕ್ಕರೆ ಅದೂ ದೊಡ್ಡದೇ.

ಮಕ್ಕಳಾಗಲು ಐವಿಎಫ್ ಮಾಡಿಸುವವರಿಗೆ ಅಕ್ಯುಪಂಕ್ಚರ್ ಪ್ಯಾಕೇಜ್ ಕೊಳ್ಳಲು ಹೇಳುವವರಿದ್ದಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ 848 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಗು ಹುಟ್ಟಿದ ಪ್ರಮಾಣ ನಿಜವಾದ ಸೂಜಿಯವರಲ್ಲಿ ಶೇ. 18.3, ಹುಸಿ ಸೂಜಿಯವರಲ್ಲಿ ಶೇ. 17.8. ವ್ಯತ್ಯಾಸವೇ ಇಲ್ಲವೆನ್ನಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ವೈಫಲ್ಯ, ಕ್ಯಾನ್ಸರ್ ಇವನ್ನು ಸೂಜಿಯಿಂದ ವಾಸಿ ಮಾಡುತ್ತೇವೆ ಎನ್ನುವ ಬೋರ್ಡು ಕಂಡರೆ ಅಲ್ಲಿಂದ ದೂರವಿರಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ವಾಕರಿಕೆ, ನೋವು ತಗ್ಗಿಸಲು ಇದನ್ನು ಜೊತೆಯಾಗಿ ಬಳಸುವುದು ಬೇರೆ, ಕ್ಯಾನ್ಸರನ್ನೇ ಗುಣಪಡಿಸುತ್ತೇವೆ ಎನ್ನುವುದು ಬೇರೆ.

ಕ್ಲಿನಿಕ್ಕಿನಲ್ಲಿ ಏನು ನಡೆಯುತ್ತದೆ

ಮೊದಲ ಭೇಟಿಗೆ ಒಂದು ಗಂಟೆ ಹಿಡಿಯಬಹುದು. ನೋವು ಎಲ್ಲಿ, ಯಾವಾಗ ಹೆಚ್ಚು, ನಿದ್ದೆ, ಹಸಿವು, ಮಲವಿಸರ್ಜನೆ, ಮುಟ್ಟು, ತೆಗೆದುಕೊಳ್ಳುತ್ತಿರುವ ಮಾತ್ರೆ ಎಲ್ಲವನ್ನೂ ಕೇಳುತ್ತಾರೆ. ಚೀನೀ ಪದ್ಧತಿಯಲ್ಲಿ ಕಲಿತವರು ನಾಲಿಗೆ ನೋಡಿ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ಹಿಂದಿನ ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆಯ ವರದಿ ಇದ್ದರೆ ತೆಗೆದುಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ತಲೆಸುತ್ತು ಬರುವ ಸಾಧ್ಯತೆ ಹೆಚ್ಚು. ಎರಡು ಇಡ್ಲಿಯನ್ನಾದರೂ ತಿಂದಿರಿ. ಮಂಡಿಯವರೆಗೆ, ಮೊಣಕೈವರೆಗೆ ಮಡಚಬಹುದಾದ ಸಡಿಲ ಬಟ್ಟೆ ಅನುಕೂಲ. ಬೆನ್ನಿಗೆ ಚುಚ್ಚುವುದಿದ್ದರೆ ಹೊದಿಕೆ ಕೊಡುತ್ತಾರೆ, ಮಹಿಳೆಯರು ಜೊತೆಗೊಬ್ಬರು ಇರಲಿ ಎಂದು ಕೇಳಬಹುದು, ಅದರಲ್ಲಿ ಸಂಕೋಚ ಬೇಡ.

ಆಮೇಲೆ ಮಂಚದ ಮೇಲೆ ಮಲಗಿಸಿ, ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಾರೆ. ಸೂಜಿ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗಿರುತ್ತದೆ. ಕೊಳವೆಯನ್ನು ಚರ್ಮಕ್ಕೆ ಒತ್ತಿ ಮೇಲಿನಿಂದ ಬೆರಳಿನಲ್ಲಿ ಟಕ್ ಎಂದು ತಟ್ಟುತ್ತಾರೆ. ಚುಚ್ಚಿದ ಕ್ಷಣ ಇರುವೆ ಕಚ್ಚಿದಷ್ಟು ಗೊತ್ತಾಗಬಹುದು, ಎಷ್ಟೋ ಸಲ ಅದೂ ಇಲ್ಲ. ಬೆರಳ ತುದಿ, ಪಾದದ ಬಿಂದುಗಳು ಮಾತ್ರ ಸ್ವಲ್ಪ ಚುರುಕು. ಜಾಗಕ್ಕೆ ತಕ್ಕಂತೆ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನವರೆಗೆ ಸೂಜಿ ಇಳಿಯುತ್ತದೆ. ಆಮೇಲೆ ತಿರುಗಿಸಿದಾಗ ಬರುವ ಭಾರ, ಜೋಮು ಸಹಜ. ಚುಳ್ಳೆಂದು ಚೂಪಾಗಿ ನೋವಾದರೆ, ಕರೆಂಟ್ ಹೊಡೆದಂತೆ ಕಾಲಿಗೆ ಕೈಗೆ ಹರಿದರೆ ಕೂಡಲೇ ಹೇಳಬೇಕು, ಸೂಜಿಯನ್ನು ಸರಿಸುತ್ತಾರೆ. ಸಹಿಸಿಕೊಂಡರೆ ಗುಣ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ.

ಒಂದು ಸಲಕ್ಕೆ ಐದರಿಂದ ಇಪ್ಪತ್ತು ಸೂಜಿ, ಇಪ್ಪತ್ತರಿಂದ ಮೂವತ್ತು ನಿಮಿಷ. ಆ ಹೊತ್ತು ಅಲುಗಾಡದೆ ಮಲಗಿರಬೇಕು, ಹಲವರಿಗೆ ನಿದ್ದೆಯೇ ಹತ್ತುತ್ತದೆ. ತೆಗೆಯುವುದು ಗೊತ್ತೂ ಆಗುವುದಿಲ್ಲ. ಎದ್ದ ಕೂಡಲೇ ಗಾಡಿ ಓಡಿಸಿಕೊಂಡು ಹೊರಡದೆ ಸ್ವಲ್ಪ ಕೂತು ನೀರು ಕುಡಿಯುವುದು ಒಳ್ಳೆಯದು. ಅಂದು ಮೈ ಹಗುರಾದಂತೆ ಇಲ್ಲವೇ ಸುಸ್ತಾದಂತೆ ಅನಿಸಬಹುದು. ಮೊದಲೆರಡು ಸಲ ನೋವು ಒಂದು ದಿನ ಸ್ವಲ್ಪ ಏರಿ ಆಮೇಲೆ ಇಳಿಯುವುದೂ ಉಂಟು. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹನ್ನೆರಡು ಸಲ ಮಾಡಿಸುವುದು ವಾಡಿಕೆ. ಒಂದೇ ಸಲಕ್ಕೆ ಎದ್ದು ಓಡಾಡಿದೆ ಎನ್ನುವವರೂ ಇದ್ದಾರೆ, ಆದರೆ ಹಾಗಾಗಲಿಲ್ಲವೆಂದು ನಿರಾಶೆಪಡಬೇಕಿಲ್ಲ.

ಅಪಾಯಗಳು

ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಶೇ. 8.6 ಜನ ಏನಾದರೊಂದು ಅಡ್ಡಪರಿಣಾಮ ಹೇಳಿದರು. ಹೆಚ್ಚಿನವು ಒಂದು ಹನಿ ರಕ್ತ, ನೀಲಿಗಟ್ಟಿದ ಕಲೆ, ಚುಚ್ಚಿದ ಜಾಗದ ನೋವು. ಗಂಭೀರವಾದದ್ದು ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದಲ್ಲ: ಎದೆ, ಭುಜದ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿ ಶ್ವಾಸಕೋಶಕ್ಕೆ ತೂತಾದ ಪ್ರಕರಣ ಇಬ್ಬರಲ್ಲಿ ಆಗಿತ್ತು. ಸೂಜಿ ಹಾಕಿಸಿಕೊಂಡ ದಿನ ಏದುಸಿರು, ಎದೆಯಲ್ಲಿ ಚುಚ್ಚುವ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸೂಜಿಯ ಶುಚಿತ್ವದ ವಿಷಯದಲ್ಲಿ ರಾಜಿಯೇ ಬೇಡ. ಪ್ರತಿ ಸಲವೂ ಹೊಸ ಸೂಜಿ, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆಯಬೇಕು, ಬಳಸಿದ್ದು ಮುಚ್ಚಳದ ಡಬ್ಬಿಗೆ ಹೋಗಬೇಕು. ‘ನಿಮ್ಮದೇ ಸೂಜಿ, ಕುದಿಸಿ ಇಟ್ಟಿದ್ದೇವೆ’ ಎಂದರೆ ಒಪ್ಪಬೇಡಿ. ಹೆಪಟೈಟಿಸ್ ಬಿ ಯಂಥ ಸೋಂಕು ಹರಡಲು ಅಷ್ಟೇ ಸಾಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹೃದಯದ ಕವಾಟದ ತೊಂದರೆಯವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮೊದಲೇ ತಿಳಿಸಬೇಕು. ಗರ್ಭಿಣಿಯರಿಗೆ ಹೆಗು ಸೇರಿದಂತೆ ಕೆಲವು ಬಿಂದುಗಳನ್ನು ಪರಂಪರೆಯಲ್ಲೇ ನಿಷೇಧಿಸಿದ್ದಾರೆ. ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಹಾಯಿಸುವ ವಿಧಾನ ಬೇಡ.

ಯಾರ ಬಳಿ ಹೋಗುವುದು, ಎಲ್ಲಿ ನಿಲ್ಲಿಸುವುದು

ಕರ್ನಾಟಕದಲ್ಲಿ ಅಕ್ಯುಪಂಕ್ಚರ್ ಕಲಿತವರು ಹೆಚ್ಚಾಗಿ ಸಿಗುವುದು ಪ್ರಕೃತಿ ಚಿಕಿತ್ಸೆಯ ವೈದ್ಯರಲ್ಲಿ. ಬಿಎನ್‌ವೈಎಸ್ ಎಂಬ ಐದೂವರೆ ವರ್ಷಗಳ ಪದವಿಯಲ್ಲಿ ಇದೊಂದು ಪಠ್ಯವಿಷಯ. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಸಂಸ್ಥೆಗಳಲ್ಲಿ ಕಲಿತು ಬಂದವರು ಊರೂರಲ್ಲಿದ್ದಾರೆ. ಎಂಬಿಬಿಎಸ್, ಫಿಸಿಯೋಥೆರಪಿ ಓದಿ ಆಮೇಲೆ ಸೂಜಿ ಚಿಕಿತ್ಸೆ ಕಲಿತವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ, ಮಂಡಳಿ ಇವೆ. ವಾರಾಂತ್ಯದ ತರಬೇತಿ ಪಡೆದು ಬೋರ್ಡು ಹಾಕುವವರೂ ಇರುವುದರಿಂದ, ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ, ನೋಂದಣಿ ಸಂಖ್ಯೆ ಏನು ಎಂದು ಕೇಳುವುದು ನಿಮ್ಮ ಹಕ್ಕು. ಕ್ಲಿನಿಕ್ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಿ.

ಮೊದಲು ರೋಗ ಏನೆಂದು ವೈದ್ಯರಿಂದ ಗೊತ್ತುಮಾಡಿಕೊಂಡೇ ಸೂಜಿಯತ್ತ ಹೋಗಬೇಕು. ಸೊಂಟನೋವಿನ ಜೊತೆ ಕಾಲಲ್ಲಿ ಬಲ ಕಡಿಮೆಯಾಗುವುದು, ಮೂತ್ರ ಕಟ್ಟಿಕೊಳ್ಳುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಠಾತ್ತಾಗಿ ಹಿಂದೆಂದೂ ಬಾರದಂಥ ತಲೆನೋವು ಇವು ಸೂಜಿಗೆ ಕಾಯುವ ಲಕ್ಷಣಗಳಲ್ಲ. ಚಿಕಿತ್ಸೆ ನಡೆಯುವಾಗ ಬಿಪಿ, ಶುಗರ್, ಫಿಟ್ಸ್ ಮಾತ್ರೆ ನಿಲ್ಲಿಸಲು ಯಾರಾದರೂ ಹೇಳಿದರೆ, ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಶುರುಮಾಡುವ ಮುನ್ನ ಒಂದು ಪುಸ್ತಕದಲ್ಲಿ ಬರೆದಿಡಿ: ನೋವು ಹತ್ತಕ್ಕೆ ಎಷ್ಟು, ಎಷ್ಟು ದೂರ ನಡೆಯಬಲ್ಲಿರಿ, ವಾರಕ್ಕೆ ಎಷ್ಟು ಮಾತ್ರೆ, ರಾತ್ರಿ ಎಷ್ಟು ಸಲ ಎಚ್ಚರ. ಇಪ್ಪತ್ತು ಮೂವತ್ತು ಸಲದ ಹಣವನ್ನು ಮುಂಗಡವಾಗಿ ಕಟ್ಟಬೇಡಿ. ಆರು ಸಲ ಆದ ಮೇಲೆ ಅದೇ ಪುಟ ತೆಗೆದು ಹೋಲಿಸಿ. ಅಂಕಿಗಳು ಇಳಿದಿದ್ದರೆ ಮುಂದುವರಿಸಿ, ಮಂಡಿ ಸೊಂಟದ ವ್ಯಾಯಾಮವನ್ನೂ ಜೊತೆಗೆ ಶುರುಮಾಡಿ. ಏನೂ ಬದಲಾಗಿಲ್ಲವಾದರೆ ಅಲ್ಲಿಗೆ ನಿಲ್ಲಿಸಿ, ಆ ಪುಟವನ್ನು ನಿಮ್ಮ ವೈದ್ಯರಿಗೆ ತೋರಿಸಿ ಬೇರೆ ಚಿಕಿತ್ಸೆಯ ಬಗ್ಗೆ ಮಾತಾಡಿ.